ಚಿಲಕವಿದ್ದ ಒಂದೇ ಬಾಗಿಲು

ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಮೊಣಕಾಲಿಗೆ ಗಲ್ಲ ಊರಿ, ಅವಳು ತನ್ನ ಹೊಟ್ಟೆಯ ಬಗ್ಗೆ ಹೊರಗೆ ನಡೆಯುತ್ತಿದ್ದ ಚರ್ಚೆಯನ್ನು ಕೇಳಿಸಿಕೊಳ್ಳುತ್ತಿದ್ದಳು. ಬಚ್ಚಲ ಬಾಗಿಲು ಪ್ಲಾಸ್ಟಿಕ್ಕಿನದು. ಕೆಳಗೆ ನಾಲ್ಕು ಬೆರಳಗಲದ ಸಂದು. ಆ ಸಂದಿನಲ್ಲಿ ಅಪ್ಪನ ಎರಡೂ ಪಾದಗಳು ಕಾಣುತ್ತಿದ್ದವು. ಅಪ್ಪ ಬಸ್ ಕಂಡಕ್ಟರು. ಲಾಕ್‌ಡೌನಾಗಿ ಬಸ್ಸುಗಳೆಲ್ಲ ಡಿಪೋ ಸೇರಿದ ಮೇಲೂ ಅವನಿಗೆ ಕೂರುವುದು ಅಭ್ಯಾಸವಾಗಿರಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಯಾವುದಾದರೊಂದು ಬಾಗಿಲಿಗೆ ಒರಗಿ ನಿಂತಿರುತ್ತಿದ್ದ. ಅಡುಗೆಮನೆಯಲ್ಲಿ ಇಬ್ಬರು ಸೇರಿದರೆ ಸಾಕು, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಎನ್ನುತ್ತಿದ್ದ. ಒಳಗೆ ಜಾಗವಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಐದು ಜನ. ಬೀದಿ ಬಾಗಿಲನ್ನು ಬಿಟ್ಟರೆ ಇಡೀ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಇದೊಂದೇ, ಕಕ್ಕಸಿಗೂ ಸ್ನಾನಕ್ಕೂ ಸೇರಿ ಇದ್ದ ಈ ಬಚ್ಚಲಿನದು.

"ಇನ್ನೂ ಆಗಿಲ್ವಾ ಮಗಳೇ?" ಎಂದು ಅಪ್ಪ ಕೇಳಿದ. "ಅವಳು ಒಳಗಿರೋವಾಗ ಹಂಗೆಲ್ಲಾ ಕೇಳ್ಬೇಡ ಕಣೋ, ಹೆದರಿ ನಿಂತೋಗುತ್ತೆ" ಎಂದು ಅಜ್ಜಿ ಮಗನನ್ನು ಗದರಿದಳು. "ನಿಲ್ಲಲಿ ಅಂತಾನೇ ಅಲ್ವಾ ನಾವಿಷ್ಟು ಒದ್ದಾಡ್ತಿರೋದು" ಎಂದದ್ದು ಮಾವ, ಅಮ್ಮನ ತಮ್ಮ. ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದ ಅಮ್ಮ ಈಗ ಮಾಸ್ಕು ಹೊಲಿಯುತ್ತಾಳೆ. ತುಟಿಗಳ ನಡುವೆ ಯಾವಾಗಲೂ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಆ ಮನೆಯಲ್ಲಿ ಅವಳಿಗೆ ಮಾತಾಡುವ ಅವಕಾಶವೇ ಕಡಿಮೆ. ಒಳಗೆ ಮಗಳು ಮಗ್ಗಿನಲ್ಲಿ ನೀರು ತುಂಬಿಸಿ, ಎತ್ತರದಿಂದ, ನಂಬಿಕೆ ಬರುವ ಹಾಗೆ, ನಿಧಾನವಾಗಿ ಸುರಿದಳು. ಹೊರಗೆ ಎಲ್ಲರೂ ಸುಮ್ಮನಾದರು. ಆ ಮೌನದಲ್ಲಿದ್ದ ಗೌರವ ಕೇಳಿ ಅವಳಿಗೆ ನಾಚಿಕೆಯಾಯಿತು.

ಎಲ್ಲ ಶುರುವಾದದ್ದು ಒಂದು ದಿನ ಅವಳು ಕಣ್ಣು ಕೆಂಪು ಮಾಡಿಕೊಂಡು ಬಚ್ಚಲಿಂದ ಹೊರಗೆ ಬಂದಾಗ ಅಮ್ಮ "ಏನಾಯ್ತೇ?" ಎಂದದ್ದರಿಂದ. ಏನಾಗಿದೆಯೆಂದು ಅವಳಿಗೆ ಗೊತ್ತಿದ್ದರೆ ತಾನೇ ಹೇಳುವುದಕ್ಕೆ. ಬಾಯಿಗೆ ಬಂದದ್ದನ್ನು ಹೇಳಿದಳು: "ಹೊಟ್ಟೆ." ಅಷ್ಟೇ. ಅಲ್ಲಿಯವರೆಗೆ ಗೋಡೆ ನೋಡಿಕೊಂಡು ಬಿದ್ದಿದ್ದ ಮನೆ ಒಂದೇ ಮಾತಿಗೆ ಎದ್ದು ಕೂತಿತು. ಅಜ್ಜಿ ಗಂಜಿ ಎಂದಳು, ಅಪ್ಪ ನಿಂಬೆಹಣ್ಣು ಎಂದ. ಮಾವನಂತೂ ಸಂತೋಷವನ್ನು ಮುಚ್ಚಿಡಲು ಕೆಮ್ಮಬೇಕಾಯಿತು. ಆ ದಿನಗಳಲ್ಲಿ ಕೆಮ್ಮುವ ಹಾಗಿರಲಿಲ್ಲವಾದ್ದರಿಂದ ಎಲ್ಲರೂ ಹಿಂದಕ್ಕೆ ಸರಿದರು. ಮಾವ ಔಷಧ ಕಂಪನಿಯ ಪ್ರತಿನಿಧಿ, ಡಾಕ್ಟರುಗಳ ಬಾಗಿಲಲ್ಲಿ ಕಾದು ಕೂತು ಮಾತ್ರೆಗಳ ಗುಣಗಾನ ಮಾಡಿ ಬರುವುದು ಅವನ ಕೆಲಸ. ಒಂದು ರಾತ್ರಿ ಉಳಿದು ಹೋಗಲು ಬಂದವನು ಬೆಳಗಾಗುವುದರೊಳಗೆ ರಸ್ತೆಗಳು ಮುಚ್ಚಿ, ಚರ್ಮದ ದೊಡ್ಡ ಚೀಲದ ಜೊತೆ ಇಲ್ಲೇ ಉಳಿದುಬಿಟ್ಟಿದ್ದ. ಚೀಲದ ತುಂಬ ಸ್ಯಾಂಪಲ್ಲುಗಳು. ಕಂಪನಿಯವರು ಅವನಿಗೆ ವಹಿಸಿದ್ದು ಹೊಟ್ಟೆಯ ವಿಭಾಗ ಮಾತ್ರ. ಆದ್ದರಿಂದ ಅವನು ಬಂದಂದಿನಿಂದ ಆ ಮನೆಯಲ್ಲಿ ಯಾರಿಗೆ ಏನಾದರೂ ಅದು ಹೊಟ್ಟೆಯಿಂದಲೇ ಆಗುತ್ತಿತ್ತು. ಅಜ್ಜಿಯ ಮಂಡಿನೋವು ಗ್ಯಾಸು. ಅಮ್ಮನ ತಲೆನೋವು ಗ್ಯಾಸು. ಟೀವಿಯಲ್ಲಿ ಸುದ್ದಿ ನೋಡಿ ಅಪ್ಪ ರೇಗಾಡಿದರೆ ಅದು ಆಸಿಡಿಟಿ. ಆದರೆ ಇವರೆಲ್ಲ ಒತ್ತಾಯದ ರೋಗಿಗಳು. ತಾನಾಗಿಯೇ ಬಂದು ಹೊಟ್ಟೆ ಎಂದವಳು ಅವಳೊಬ್ಬಳೇ.

ಹಾಗೆ ನೋಡಿದರೆ ಹೊಟ್ಟೆಗಿಂತ ಮೊದಲು ಕೆಟ್ಟದ್ದು ನೆಟ್ಟು. ಆನ್‌ಲೈನ್ ಕ್ಲಾಸಿನಲ್ಲಿ ಸಮಾಜ ವಿಜ್ಞಾನದ ಮಿಸ್ಸು ಫೋನಿನೊಳಗಿಂದ ಅವಳ ಹೆಸರು ಕರೆದು "ನೀನು ಹೇಳು" ಎಂದಾಗ ಉತ್ತರ ಗೊತ್ತಿತ್ತು. ತುಟಿಯ ತುದಿಯಲ್ಲೇ ಇತ್ತು. ಬಾಯಿ ತೆರೆದಳು. ಪರದೆಯ ಮೇಲೆ ಅಂಚೆಚೀಟಿಯಷ್ಟು ಅಗಲದ ಮುಖಗಳು ಸಾಲಾಗಿ ಕೂತಿದ್ದವು. ಅವುಗಳ ನಡುವೆ ಬಾಯಿ ತೆರೆದುಕೊಂಡಿದ್ದ ಒಂದು ಮುಖ ತನ್ನದೇ ಎಂದು ಗೊತ್ತಾಗುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಎದೆಯೊಳಗೆ ಯಾರೋ ಮೆಟ್ಟಿಲು ಹತ್ತಿ ಓಡುತ್ತಿದ್ದರು. ದನಿ ಹೊರಡಲಿಲ್ಲ. ಎಲ್ಲರೂ ನೋಡುತ್ತಿದ್ದರು. ಆಗ ಮಿಸ್ಸು "ಪಾಪ, ಇವಳದು ಸ್ಟಕ್ ಆಗಿದೆ ಅನ್ಸುತ್ತೆ" ಎಂದರು. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಲುಗಾಡಲಿಲ್ಲ. ತೆರೆದ ಬಾಯಿ ತೆರೆದಂತೆಯೇ, ಎತ್ತಿದ ಹುಬ್ಬು ಎತ್ತಿದಂತೆಯೇ, ರೆಪ್ಪೆ ಹೊಡೆಯದೆ, ಕಣ್ಣಲ್ಲಿ ನೀರು ತುಂಬಿದರೂ ಬಿಡದೆ, ನೆಟ್ಟು ಹೋದವಳ ಹಾಗೆ ಕೂತಳು. ಅಷ್ಟು ಹೊತ್ತಿಗೆ ಹಿಂದೆ ಅಜ್ಜಿ ಬಕೆಟ್ಟು ಹಿಡಿದುಕೊಂಡು ಈ ಕಡೆಯಿಂದ ಆ ಕಡೆಗೆ ಹಾದುಹೋದಳು. ಅಜ್ಜಿ ಮಾತ್ರ ನಡೆಯುವ, ಮೊಮ್ಮಗಳು ಮಾತ್ರ ನಿಂತುಹೋಗುವ ನೆಟ್ಟು ಎಲ್ಲಾದರೂ ಇದೆಯೇ? ಯಾರೋ ಕಿಸಕ್ಕೆಂದರು. ಮಿಸ್ಸು ಒಳ್ಳೆಯವರು, ಏನೂ ಗಮನಿಸದವರ ಹಾಗೆ ಪಕ್ಕದ ಮುಖಕ್ಕೆ ಹೋದರು. ಆ ಒಳ್ಳೆಯತನ ನಗುವಿಗಿಂತ ಹೆಚ್ಚು ನೋಯಿಸಿತು. ಅಂದಿನಿಂದ ಕ್ಲಾಸಿನ ಹೊತ್ತಿಗೆ ಸರಿಯಾಗಿ ಅವಳ ನೆಟ್ಟು ಹೋಗತೊಡಗಿತು. ಪಾಪ ಅಪ್ಪ, ಯಾರ್ಯಾರನ್ನೋ ಹಿಡಿದು ಸಿಮ್ಮು ಬದಲಾಯಿಸಿದ, ಫೋನನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ, ಸಿಗ್ನಲ್ಲಿನ ಎಲ್ಲ ಕಡ್ಡಿಗಳೂ ನೆಟ್ಟಗೆ ಎದ್ದು ನಿಂತದ್ದನ್ನು ತೋರಿಸಿ "ನೋಡು, ಈಗ ಫುಲ್ಲು!" ಎಂದು ಮಗುವಿನಂತೆ ನಕ್ಕ. ಅವಳೂ ನಕ್ಕು, "ಅಪ್ಪ, ಹೊಟ್ಟೆ" ಎಂದು ಬಚ್ಚಲಿಗೆ ಓಡಿದಳು.

ಮನೆಯಲ್ಲಿ ಎಲ್ಲದಕ್ಕೂ ಒಂದು ಕಾರಣವಿತ್ತು, ಅವಳೊಬ್ಬಳನ್ನು ಬಿಟ್ಟು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಡ್ರೈವರು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಅಪ್ಪ ಅಳಬಹುದಿತ್ತು, ಅಳಲಿಲ್ಲ. ಕೆಳಗಿನ ಮನೆಯ ಹೆಂಗಸು ಗಂಡನ ಮುಖ ನೋಡದೆಯೇ ಅವನನ್ನು ಕಳಿಸಿಕೊಟ್ಟಳು. ಅವಳು ಅತ್ತದ್ದಕ್ಕೆ ಅರ್ಥವಿತ್ತು. ಇವಳಿಗೋ ಜ್ವರವಿಲ್ಲ, ನೆಗಡಿಯಿಲ್ಲ, ಮೂರು ಹೊತ್ತು ಅನ್ನವಿದೆ, ಬೈಯುವವರಿಲ್ಲ. ಆದರೂ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಭಯ ಬಂದು ಪಕ್ಕದಲ್ಲಿ ಕೂತಿರುತ್ತಿತ್ತು. ಯಾವುದರ ಭಯ ಎಂದು ಕೇಳಿದರೆ ಅದು ಉತ್ತರ ಕೊಡುತ್ತಿರಲಿಲ್ಲ. ತಲೆ ಬಾಚಿಕೊಳ್ಳುವುದು ಒಂದು ದೊಡ್ಡ ಕೆಲಸವಾಗಿತ್ತು. ಮಧ್ಯಾಹ್ನ ಎಲ್ಲರೂ ಕೂತು ಉಣ್ಣುವಾಗ, ಅನ್ನ ಕಲಸುತ್ತಿರುವ ಕೈ ತನ್ನದಲ್ಲ ಎನಿಸಿ ಅವಳು ಬೆರಳುಗಳನ್ನೇ ನೋಡುತ್ತಿದ್ದಳು. ಇಂಥದ್ದನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ "ಏನ್ ಕಮ್ಮಿಯಾಗಿದೆ ನಿಂಗೆ?" ಎನ್ನುತ್ತಾರೆ. ನಿಜಕ್ಕೂ ಏನೂ ಕಮ್ಮಿಯಾಗಿರಲಿಲ್ಲ. ಅವಳ ಕಷ್ಟವೇ ಅದಾಗಿತ್ತು. ಹೊಟ್ಟೆಯಾದರೆ ಹಾಗಲ್ಲ, ಹೊಟ್ಟೆ ಕೆಡುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಆದರೆ ಹೊಟ್ಟೆಗೆ ಮಾವನಿದ್ದ. ಅವನು ಪ್ರತಿ ಊಟವಾದ ಮೇಲೆ ಎದುರಿಗೆ ಬಂದು, ಡಾಕ್ಟರ ಮುಂದೆ ನಿಲ್ಲುವ ಹಾಗೆ ಸ್ವಲ್ಪ ಬಾಗಿ ನಿಂತು, ಮಾತ್ರೆಯನ್ನು ಅಂಗೈಯಲ್ಲಿ ಮುಂದಕ್ಕೆ ಚಾಚಿ, "ಇದು ಹೋದ ವರ್ಷವಷ್ಟೇ ಬಂದಿರೋದು ಪುಟ್ಟೀ, ಬಹಳ ಸ್ಟ್ರಾಂಗು" ಎನ್ನುತ್ತಿದ್ದ. ಅವಳು ನುಂಗುವುದನ್ನು ನೋಡುತ್ತಲೇ ನಿಲ್ಲುತ್ತಿದ್ದ. ನುಂಗಬೇಕಾಗುತ್ತಿತ್ತು. ಮಾತ್ರೆ ನಿಜವಾಗಿಯೂ ಸ್ಟ್ರಾಂಗಾಗಿತ್ತು. ಯಾವ ತೊಂದರೆಯೂ ಇಲ್ಲದ ಅವಳ ಹೊಟ್ಟೆ ಮೊದಲು ಬೆರಗಾಯಿತು, ಆಮೇಲೆ ಹೆದರಿತು, ಆಮೇಲೆ ಬಾಗಿಲು ಮುಚ್ಚಿಕೊಂಡು ಒಳಗಿನಿಂದ ಬೀಗ ಹಾಕಿಕೊಂಡುಬಿಟ್ಟಿತು. ಈಗ ಅವಳು ಬಚ್ಚಲಿಗೆ ಹೋಗುವುದು ಅಳುವುದಕ್ಕೆ. ಅಲ್ಲಿ ಕೂತಾಗ ಹೊಟ್ಟೆ ಕಲ್ಲಿನಂತೆ ಭಾರವಾಗಿ ನೆನಪಾಗಿ, ಅಳುವುದಕ್ಕೂ ಮನಸ್ಸು ನಿಲ್ಲುತ್ತಿರಲಿಲ್ಲ. ಭೇದಿಯೆಂದು ಮನೆಯವರೆಲ್ಲ ಗಂಜಿ ಕುಡಿಸುತ್ತಿರುವಾಗ ಕಟ್ಟಿಕೊಂಡಿದೆ ಎಂದು ಹೇಳುವುದಾದರೂ ಹೇಗೆ? ಇತ್ತ ಮಾವನಿಗೆ ಬೇರೆ ಚಿಂತೆ. ಕಂಪನಿಯ ಅತ್ಯುತ್ತಮ ಮಾತ್ರೆಗೂ ಜಗ್ಗದೆ ಹುಡುಗಿ ದಿನವೂ ಗಂಟೆಗಟ್ಟಲೆ ಬಚ್ಚಲಲ್ಲೇ ಇದ್ದಾಳೆಂದರೆ ಏನರ್ಥ? ಅವನು ಆ ಚೀಲದ ಮೇಲೆ ಇಟ್ಟಿದ್ದ ನಂಬಿಕೆಯೇ ಅಲ್ಲಾಡಿ, ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ತಿರುಗತೊಡಗಿದ್ದ.

ಅವಳು ಚಿಲಕ ತೆಗೆದು ಹೊರಗೆ ಬಂದಾಗ ನಾಲ್ವರೂ ನಡುಮನೆಯಲ್ಲಿ ಕಾಯುತ್ತಿದ್ದರು. ಮಾವನ ಕೈಯಲ್ಲಿ ಫೋನಿತ್ತು. "ಬಾ ಪುಟ್ಟೀ, ಡಾಕ್ಟ್ರ ಹತ್ರ ಮಾತಾಡ್ಬಿಡೋಣ. ದೊಡ್ಡ ಡಾಕ್ಟ್ರು. ನಂಗೆ ಚೆನ್ನಾಗಿ ಗೊತ್ತು." ಗೊತ್ತು ಎಂದರೆ ಇಷ್ಟೇ, ಆ ಡಾಕ್ಟರಮ್ಮನ ಕೋಣೆಯ ಹೊರಗಿನ ಬೆಂಚು ಅವನಿಗೆ ಗೊತ್ತಿತ್ತು. ವರ್ಷಗಟ್ಟಲೆ ಅಲ್ಲಿ ಕಾದಿದ್ದಾನೆ. ಒಳಗೆ ಬಿಟ್ಟಾಗಲೆಲ್ಲ "ಒಂದೇ ನಿಮಿಷ ಮೇಡಂ" ಎನ್ನುವಷ್ಟರಲ್ಲಿ ನಿಮಿಷ ಮುಗಿಯುತ್ತಿತ್ತು. ಈಗ ಡಾಕ್ಟರುಗಳೆಲ್ಲ ಫೋನಿನಲ್ಲೇ ನೋಡುವ ಕಾಲ ಬಂದು, ಅವನಿಗೂ ಒಂದು ಹೊತ್ತು ಸಿಕ್ಕಿತ್ತು. ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ, ಮುಖ ಕಾಣದ ಫೋನಿಗೆ. ಫೋನನ್ನು ಸ್ಟೂಲಿನ ಮೇಲಿಟ್ಟು, ಸ್ಪೀಕರಿಗೆ ಹಾಕಿ, ಎಲ್ಲರೂ ಅದರ ಸುತ್ತ ಚಳಿ ಕಾಯಿಸುವವರ ಹಾಗೆ ಕೂತರು. ಅಪ್ಪ ಮಾತ್ರ ನಿಂತಿದ್ದ.

"ಹೇಳಿ, ಏನು ತೊಂದರೆ?" ಎಂದಿತು ಫೋನು. ಗಡಿಬಿಡಿಯಿಲ್ಲದ, ಸ್ವಲ್ಪ ಸೋತ ದನಿ.

"ನಮಸ್ಕಾರ ಮೇಡಂ, ನಾನು, ಹೊಟ್ಟೆ ಮಾತ್ರೆ ತರ್ತಾ ಇದ್ನಲ್ಲ..."

"ಓ, ನೀವಾ? ಫೋನಲ್ಲೂ ಬಂದ್ರಾ?"

"ಇಲ್ಲ ಮೇಡಂ, ಇದು ಪೇಷೆಂಟು. ನನ್ನ ಅಕ್ಕನ ಮಗಳು. ಹದಿನಾರು ವರ್ಷ. ಲೂಸ್ ಮೋಷನ್ನು ಮೇಡಂ, ನಿಲ್ತಾನೇ ಇಲ್ಲ. ನಮ್ಮ ಹೊಸ ಮಾತ್ರೇನೇ ಕೊಟ್ಟೆ..."

"ದಿನಕ್ಕೆ ಎಷ್ಟು ಸಲ ಹೋಗ್ತಾಳೆ?"

"ಲೆಕ್ಕ ಇಲ್ಲ ಡಾಕ್ಟ್ರಮ್ಮಾ" ಎಂದು ಅಜ್ಜಿ ಫೋನಿನ ಮೇಲೆ ಬಾಗಿ ಕೂಗಿದಳು. "ಹೋದ್ರೆ ಬರೋದೇ ಇಲ್ಲ. ಅಲ್ಲೇ ಸಂಸಾರ ಹೂಡಿದ್ದಾಳೆ."

"ಹೇಗಿರುತ್ತೆ? ನೀರಿನ ಥರಾನಾ?"

ಎಲ್ಲರೂ ಅವಳ ಕಡೆ ನೋಡಿದರು. ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. ಅಪ್ಪ ಗಂಟಲು ಸರಿಮಾಡಿಕೊಂಡು, "ಶಬ್ದ ಕೇಳಿದ್ರೆ ನೀರಿನ ಥರಾನೇ ಡಾಕ್ಟ್ರೇ" ಎಂದ. ಕಂಡಕ್ಟರನ ದನಿ, ಕಿಟಕಿಗಳೆಲ್ಲ ತೆರೆದಿದ್ದವು, ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೈ ನಿಲ್ಲಿಸಿ ಈ ಕಡೆ ತಿರುಗಿದರು. ಅಮ್ಮ ಬಾಯಿಂದ ಗುಂಡುಸೂಜಿ ತೆಗೆದಳು. "ತೂಕ ಇಳಿದಿದ್ದಾಳೆ ಡಾಕ್ಟ್ರೇ. ಅಳತೆ ತಗೊಳ್ದೇನೇ ಗೊತ್ತಾಗುತ್ತೆ ನಂಗೆ, ಹೆಗಲ ಹತ್ರ ಬಟ್ಟೆ ನಿಲ್ತಿಲ್ಲ" ಎಂದವಳು, ಸೂಜಿಯನ್ನು ಸೆರಗಿಗೆ ಚುಚ್ಚಿ, "ನಗೋದೂ ಇಲ್ಲ" ಎಂದಳು. ಅದು ಹೊಟ್ಟೆಗೆ ಸಂಬಂಧಿಸಿದ್ದಲ್ಲವೆಂದು ಮಾವ ಅಕ್ಕನ ಕಡೆಗೆ ಕಣ್ಣು ಬಿಟ್ಟ.

"ಇಷ್ಟು ಜನ ಹೇಳಿದ್ರಿ, ಪೇಷೆಂಟ್ ಬಾಯೇ ಬಿಟ್ಟಿಲ್ಲ" ಎಂದರು ಡಾಕ್ಟರಮ್ಮ. "ಸ್ಪೀಕರ್ ಆಫ್ ಮಾಡಿ. ಅವಳ ಕೈಗೆ ಫೋನ್ ಕೊಟ್ಟು ಎಲ್ಲರೂ ಆಚೆ ಹೋಗಿ."

"ಆಚೆ ಹೋಗೋ ಹಾಗಿಲ್ವಲ್ಲ ಮೇಡಂ, ಪೊಲೀಸ್ರು ಹೊಡೀತಾರೆ" ಎಂದ ಮಾವ.

"ಹಾಗಾದ್ರೆ ಅವಳನ್ನೇ ಎಲ್ಲಾದ್ರೂ ಕಳಿಸಿ."

ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಅವಳು ಫೋನು ಹಿಡಿದುಕೊಂಡು ಮತ್ತೆ ಬಚ್ಚಲಿಗೆ ಹೋಗಿ ಚಿಲಕ ಹಾಕಿ ಬಕೆಟ್ಟಿನ ಮೇಲೆ ಕೂತಳು. ಒಂದು ಗಳಿಗೆಯಲ್ಲಿ ಸಂದಿನ ಕೆಳಗೆ ಪಾದಗಳು ಬಂದು ನೆರೆದವು: ಅಪ್ಪನವು, ಮಾವನವು, ಅಜ್ಜಿಯ ಬಿರಿದ ಹಿಮ್ಮಡಿ, ಕೊನೆಗೆ ಅಮ್ಮನವು. ಹೊರಗಿನದು ಒಳಗೆ ಇಷ್ಟು ಚೆನ್ನಾಗಿ ಕೇಳುವಾಗ ಒಳಗಿನದು ಹೊರಗೆ ಕೇಳದಿರುತ್ತದೆಯೇ? ನಲ್ಲಿ ತಿರುಗಿಸಿದಳು. "ಟ್ಯಾಂಕಲ್ಲಿ ನೀರಿಲ್ಲ ಮಗಳೇ" ಎಂದ ಅಪ್ಪ. ನಿಲ್ಲಿಸಿದಳು.

"ಈಗ ಹೇಳಮ್ಮ." ಸ್ಪೀಕರು ಆಫಾಗಿದ್ದರೂ ಡಾಕ್ಟರಮ್ಮನ ದನಿ ಬಚ್ಚಲ ಗೋಡೆಗಳಿಗೆ ಬಡಿದು ಹೊರಗಿನವರೆಗೂ ಕೇಳುವಷ್ಟು ಜೋರಾಗಿತ್ತು.

ಹೊಟ್ಟೆ ಎಂದರೆ ಮುಗಿದುಹೋಗುತ್ತಿತ್ತು. ಇನ್ನೊಂದು ಮಾತ್ರೆ ಬರೆದುಕೊಡುತ್ತಿದ್ದರು, ಮಾವ ಚೀಲ ಬಿಚ್ಚುತ್ತಿದ್ದ, ನಾಳೆ ಮತ್ತೆ ಬೆಳಗಾಗುತ್ತಿತ್ತು. ನಿಜ ಹೇಳಿದರೆ, ಆ ನಾಲ್ಕು ಜೊತೆ ಪಾದಗಳು ಕೇಳಿಸಿಕೊಳ್ಳುತ್ತಿದ್ದವು. ಒಮ್ಮೆ ಕೇಳಿಸಿಕೊಂಡದ್ದನ್ನು ಅವು ಮರೆಯುವ ಹಾಗಿಲ್ಲ. ಗಂಜಿ ಕುಡಿಸಿದವರ ಎದುರಿಗೆ ತಾನು ಸುಳ್ಳಿ. ಆದರೆ ನಾಳೆ ಮತ್ತೆ ಬೆಳಗಾಗುತ್ತದೆ ಎಂಬುದನ್ನು ನೆನೆದದ್ದೇ ಅವಳಿಗೆ ಎಷ್ಟು ಹೆದರಿಕೆಯಾಯಿತೆಂದರೆ, ಅದರ ಮುಂದೆ ಪಾದಗಳು ಏನೂ ಅಲ್ಲ ಎನಿಸಿಬಿಟ್ಟಿತು.

"ಹೊಟ್ಟೆ ಸರಿಯಾಗೇ ಇತ್ತು ಡಾಕ್ಟ್ರೇ" ಎಂದಳು. "ಮಾತ್ರೆ ತಗೊಂಡ್ಮೇಲೆ ಕೆಟ್ಟಿದ್ದು. ಈಗ ಹೋಗ್ತಾನೇ ಇಲ್ಲ."

ಮಾವನ ಪಾದಗಳು ಒಂದರ ಮೇಲೊಂದು ಹತ್ತಿಕೊಂಡವು.

"ಮತ್ತೆ ಬಾತ್‌ರೂಮಲ್ಲಿ ಅಷ್ಟು ಹೊತ್ತು ಏನ್ಮಾಡ್ತೀಯ?"

"ಕೂತಿರ್ತೀನಿ. ಅಳ್ತೀನಿ. ಕೆಲವು ಸಲ ಅಳೋದೂ ಇಲ್ಲ, ಸುಮ್ನೆ ಕೂತಿರ್ತೀನಿ. ನೀರು ಹುಯ್ತೀನಿ."

"ಯಾಕಮ್ಮ?"

"ಗೊತ್ತಿಲ್ಲ. ಭಯ ಆಗುತ್ತೆ. ಕಾರಣ ಇಲ್ಲ ಡಾಕ್ಟ್ರೇ. ನಮ್ಮನೇಲಿ ಎಲ್ರೂ ಒಳ್ಳೇವ್ರು. ನಂಗೆ ಏನೂ ಆಗಿಲ್ಲ."

"ಕಾರಣ ತೋರ್ಸಿದ್ರೇನೇ ಒಳಗೆ ಬಿಡ್ತೀನಿ ಅಂತ ನಾನು ಹೇಳಿದ್ನಾ? ಜ್ವರ ಬಂದವರಿಗೆ ನಾವು ಯಾಕಪ್ಪಾ ತಂದ್ಕೊಂಡೆ ಅಂತೀವಾ? ಸರಿ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಸತ್ತು ಹೋಗ್ಬೇಕು ಅಂತ ಅನ್ಸುತ್ತಾ?"

ಸಂದಿನ ಕೆಳಗೆ ಒಂದು ಬೆರಳೂ ಅಲುಗಾಡಲಿಲ್ಲ. ಅವಳು ಯೋಚಿಸಿದಳು. ಇಷ್ಟು ದಿನಗಳಲ್ಲಿ ಮೊದಲ ಸಲ, ಯಾರೋ ಕೇಳಿದ ಒಂದು ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಡಬೇಕೆನಿಸಿತು.

"ಸಾಯ್ಬೇಕು ಅಂತಲ್ಲ. ನಾಳೆ ಬರೋದು ಬೇಡ ಅನ್ಸುತ್ತೆ."

"ಹೂಂ" ಎಂದರು ಡಾಕ್ಟರಮ್ಮ. ಹೌಹಾರಲಿಲ್ಲ, ಛೆ ಎನ್ನಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇದಕ್ಕೆ ಅಂತಲೇ ನೋಡೋರು ನಮ್ಮಲ್ಲೊಬ್ರು ಇದ್ದಾರೆ, ಇವತ್ತು ಸಂಜೇನೇ ನಿಂಗೆ ಫೋನ್ ಮಾಡಿಸ್ತೀನಿ. ನಾಳೆ ನಾನೂ ಮಾಡ್ತೀನಿ. ಅದು ಜಾಸ್ತಿ ಆಯ್ತು ಅನ್ನಿಸಿದ್ರೆ ಯಾವ ಹೊತ್ತಾದ್ರೂ ಅಮ್ಮನ್ನ ಎಬ್ಬಿಸ್ಬೇಕು, ಗೊತ್ತಾಯ್ತಾ? ಈಗ ಮೊದ್ಲು ಆ ಮಾತ್ರೆ ನಿಲ್ಸು. ಬಿಸಿನೀರು ಚೆನ್ನಾಗಿ ಕುಡಿ. ನಿಮ್ಮ ಮಾವನಿಗೆ ಹೇಳು, ಆ ಚೀಲದ ಬಾಯಿ ಹೊಲಿದುಬಿಡಕ್ಕೆ."

ಅವಳು ಹೊರಗೆ ಬಂದಾಗ ಬಾಗಿಲ ಹತ್ತಿರ ಯಾರೂ ಇರಲಿಲ್ಲ. ಅಜ್ಜಿ ಖಾಲಿ ಮೊರದಲ್ಲಿ ಏನನ್ನೋ ಆರಿಸುತ್ತಿದ್ದಳು. ಮಾವ ಕಿಟಕಿಯಿಂದ, ಒಬ್ಬರೂ ಇಲ್ಲದ ಬೀದಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಯಂತ್ರ ತಿರುಗುತ್ತಿರಲಿಲ್ಲ. ಇವಳು ಅಡುಗೆಮನೆಗೆ ಹೋಗಿ ಬಿಸಿನೀರು ಕಾಯಿಸಿ, ಒಲೆಯ ಮುಂದೆ ನಿಂತುಕೊಂಡೇ ಎರಡು ದೊಡ್ಡ ಲೋಟ ಕುಡಿದಳು. ಅಷ್ಟರಲ್ಲಿ ಅಮ್ಮ ಬಂದು, ಮಾಸ್ಕಿನ ಬಟ್ಟೆಯ ನೂಲು ಅಂಟಿದ್ದ ಕೈಯನ್ನು ಅವಳ ಬೆನ್ನಿನ ಮೇಲಿಟ್ಟು, "ಯಾವ ಹೊತ್ತಾದ್ರೂ ಎಬ್ಬಿಸ್ಬೇಕು ಅಂದ್ರಂತೆ" ಎಂದಳು. "ಕೇಳಿಸ್ಕೊಂಡ್ಯಾ?" ಎಂದಳು ಮಗಳು. "ಇಲ್ಲಪ್ಪಾ, ನಾನ್ಯಾಕೆ ಕೇಳಿಸ್ಕೊಳ್ಲಿ." ಅಮ್ಮನ ಮೂಗಿನ ತುದಿ ಕೆಂಪಗಿತ್ತು. ಅಮ್ಮನ ಮೇಲೆ ಅವಳಿಗೆ ಎಷ್ಟು ಪ್ರೀತಿ ಬಂತೆಂದರೆ, ಎಷ್ಟೋ ದಿನಗಳ ಮೇಲೆ ಹಾಗೊಂದು ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಆಗ ಬಚ್ಚಲ ಚಿಲಕ ಬಿದ್ದ ಶಬ್ದ ಕೇಳಿಸಿತು. ನೋಡಿದರೆ ನಡುಮನೆಯ ಯಾವ ಬಾಗಿಲಿಗೂ ಅಪ್ಪ ಒರಗಿರಲಿಲ್ಲ. ಒಳಗೆ ನಲ್ಲಿ ಸುರಿಯತೊಡಗಿತು, ಟ್ಯಾಂಕಿನಲ್ಲಿ ನೀರಿಲ್ಲ ಎಂದವನು ಪೂರ್ತಿ ತಿರುಗಿಸಿದ್ದ. ನೀರಿನ ಶಬ್ದದ ಕೆಳಗೆ ಇನ್ನೊಂದು ಶಬ್ದವಿತ್ತು, ಬಸ್ಸಿನ ತುಂಬ ಕೇಳುವ ಹಾಗೆ ಕೂಗಿ ಕೂಗಿ ಒಡೆದ ಗಂಟಲನ್ನು ಅದುಮಿ ಹಿಡಿದಾಗ ಬರುವ ಶಬ್ದ. ಅಜ್ಜಿ ಮೊರ ಕೆಳಗಿಟ್ಟಳು. "ಇವನಿಗೇನಾಯ್ತೇ? ಬೆಳಿಗ್ಗೇನೇ ಹೋಗಿ ಬಂದಿದ್ನಲ್ಲ? ಇವನ ಹೊಟ್ಟೇನೂ ಕೆಟ್ಟಿತಾ?" ಮಾವನ ಕೈ ರೂಢಿಯಂತೆ ಚೀಲದ ಕಡೆ ಹೋಯಿತು, ಅಕ್ಕ ನೋಡಿದ ನೋಟಕ್ಕೆ ಹಾಗೇ ಹಿಂದೆ ಬಂತು.

"ಹೊಟ್ಟೆ ಅಲ್ಲ ಅಜ್ಜಿ. ಸುಮ್ನೆ ಕೂತಿದ್ದಾನೆ. ನೀವೆಲ್ಲ ಸ್ವಲ್ಪ ಈ ಕಡೆ ಬನ್ನಿ, ಒಳಗೆ ಎಲ್ಲಾ ಕೇಳ್ಸುತ್ತೆ."

ಅವರು ಬಂದರು. ಅಡುಗೆಮನೆಯಲ್ಲಿ ನಾಲ್ಕು ಜನ ಒತ್ತಿಕೊಂಡು ನಿಂತರು. ಅಜ್ಜಿ ಬಹಳ ಹೊತ್ತು ಬಚ್ಚಲ ಕಡೆಗೆ ನೋಡುತ್ತಿದ್ದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಅವನು ಬಂದ್ಮೇಲೆ ನಾನೂ ಒಂಚೂರು ಹೋಗಿ ಕೂತ್ಕೊಂಡು ಬರ್ತೀನಿ" ಎಂದಳು. "ಮೊದ್ಲು ನಾನು ಅತ್ತೆ, ನಂಗೆ ಹೊಲಿಗೆ ಬಾಕಿ ಇದೆ" ಎಂದಳು ಅಮ್ಮ. ಮಾವ ಸರದಿಗೆ ಅಮ್ಮನ ಹಿಂದೆ ಹೋಗಿ ನಿಂತುಕೊಂಡ.

ಅದೇ ಹೊತ್ತಿಗೆ ಮಗಳ ಹೊಟ್ಟೆಯೊಳಗೆ ಯಾರೋ ಭಾರದ ಮಂಚವನ್ನು ಸರಿಸಿದ ಹಾಗಾಯಿತು. ಮೊದಲು ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಆಯಿತು. ಬಿಸಿನೀರೋ, ಆಡಿದ ಮಾತೋ, ಇಷ್ಟು ದಿನ ಬೀಗ ಹಾಕಿಕೊಂಡಿದ್ದದ್ದು ಒಮ್ಮೆಲೇ ಮನಸ್ಸು ಬದಲಾಯಿಸಿತ್ತು. ಹಣೆ ಬೆವರಿತು. "ಏನಾಯ್ತೇ?" ಎಂದಳು ಅಜ್ಜಿ. "ಹೊಟ್ಟೆ" ಎಂದಳು. ಮೂವರೂ ಅವಳನ್ನು ಸಂಶಯದಿಂದ ನೋಡಿದರು. "ಈ ಸಲ ನಿಜವಾಗ್ಲೂ ಹೊಟ್ಟೆ!" ಮಾವನೇ ಮೊದಲು ಓಡಿ, "ಭಾವಾ!" ಎಂದು ಬಾಗಿಲು ತಟ್ಟಲು ಕೈ ಎತ್ತಿದ. ಅವಳು ಹಿಂದೆಯೇ ಹೋಗಿ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ಒಳಗೆ ಅಪ್ಪ ಮೂಗು ಸೀಟಿ, ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಶುರುಮಾಡಿದ. ಅವಳು ಒಂದು ಕೈಯಲ್ಲಿ ಹೊಟ್ಟೆಯನ್ನೂ ಇನ್ನೊಂದರಲ್ಲಿ ಮಾವನ ಕೈಯನ್ನೂ ಹಿಡಿದುಕೊಂಡು, ಹಲ್ಲು ಕಚ್ಚಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ, ತುದಿಗಾಲಲ್ಲಿ ನಿಂತು ಕಾದಳು. ಬಾಗಿಲನ್ನು ಮಾತ್ರ ಬಡಿಯಲೂ ಇಲ್ಲ, ಬಡಿಯಲು ಬಿಡಲೂ ಇಲ್ಲ.